ಹನಿಯಪ್ಪನ ಹಾಡು

ನಮ್ಮ ಮನೆಯ ಟೀವಿಯಲ್ಲಿ ಈಗ ಒಂದು ಬೆಕ್ಕಿನ ಮರಿಯ ಕಾರುಬಾರು ನಡೆದಿದೆ. ಅದು ಕನ್ನಡಕ ಹಾಕಿಕೊಳ್ಳುತ್ತದೆ, ವಿಮಾನ ಓಡಿಸುತ್ತದೆ, ಎಷ್ಟು ಮೇಲಿಂದ ಬಿದ್ದರೂ ಮೈ ಕೊಡವಿ ಎದ್ದು ನಿಲ್ಲುತ್ತದೆ. ಅದು ಕಾಣದಿದ್ದರೆ ಮೊಮ್ಮಗಳು ಪೂರ್ವಿಗೆ ತುತ್ತು ಇಳಿಯುವುದಿಲ್ಲ. ಬೆಕ್ಕನ್ನಾದರೂ ಹೇಗೋ ಸಹಿಸಿಕೊಂಡೇನು, ಶುರುವಿಗೆ ಬರುವ ಹಾಡಿದೆಯಲ್ಲ, ಅದು ನನ್ನನ್ನು ಅರೆದುಬಿಟ್ಟಿದೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತರೆ ಹಾಡು, ಮಧ್ಯಾಹ್ನ ಅಷ್ಟು ಕಣ್ಣು ಮುಚ್ಚೋಣವೆಂದರೆ ಹಾಡು. ನಿನ್ನೆ ಅಕ್ಕಿ ಆರಿಸುತ್ತಿದ್ದೆ. ಯಾರೋ ಅದನ್ನೇ ಗುನುಗುತ್ತಿದ್ದಾರಲ್ಲ ಎಂದು ತಲೆ ಎತ್ತಿದರೆ, ಅಡುಗೆಮನೆಯಲ್ಲಿ ನಾನೊಬ್ಬಳೇ.

ನಗಬೇಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ನಿಮಗೂ ಇದೇ ಗತಿ. ಶಾಲೆಯಲ್ಲಿ ವರ್ಷಾನುಗಟ್ಟಲೆ ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸಿದವಳು ನಾನು. ಈಗ ಅವುಗಳಲ್ಲಿ ಎರಡು ಸಾಲು ಕೇಳಿದರೂ ತಡಕಾಡುತ್ತೇನೆ. ಕಾರ್ಟೂನಿನ ಹಾಡು ಮಾತ್ರ ಸಾಯುವವರೆಗೆ ಬಿಡುವುದಿಲ್ಲ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಟೀವಿ ಎಂಬ ಶಬ್ದವನ್ನೇ ನಮ್ಮ ಕಡೆ ಕೇಳಿರದ ಅರವತ್ತರ ದಶಕದಲ್ಲಿ ನನಗೂ ಒಂದು ಕಾರ್ಟೂನಿತ್ತು. ಇದ್ದದ್ದು ಒಂದೇ. ಅದಕ್ಕೆ ಹಾಡೂ ಒಂದೇ.

ನಮ್ಮೂರು ಹುಕ್ಕೇರಿ ತಾಲೂಕಿನಲ್ಲಿ, ಘಟಪ್ರಭೆಯ ದಂಡೆಯ ಮೇಲಿತ್ತು. ವರ್ಷಕ್ಕೆ ಕೆಲವು ಸಲ ಅಲ್ಲಿಗೆ ಸರಕಾರದ ಸಿನಿಮಾ ಗಾಡಿ ಬರುತ್ತಿತ್ತು. ಗಾಡಿಯ ಜೊತೆ ಬರುತ್ತಿದ್ದ ತೆಳ್ಳನೆಯ ಮನುಷ್ಯನನ್ನು ಊರವರು ಸಿನಿಮಾ ಮಾಸ್ತರ ಎನ್ನುತ್ತಿದ್ದರು. ಅವನು ಚಾವಡಿಯ ಮುಂದೆ ಬಿಳಿ ಪರದೆ ಕಟ್ಟುವಾಗಲೇ ನಾವು ಗೋಣಿಚೀಲ ಹಾಸಿ ಜಾಗ ಹಿಡಿದಿರುತ್ತಿದ್ದೆವು. ಗೊಬ್ಬರ ಹಾಕುವ ಬಗೆ, ಮಲೇರಿಯಾ ಸೊಳ್ಳೆ, ದೊಡ್ಡ ದೊಡ್ಡವರ ಭಾಷಣ, ಇವೆಲ್ಲ ದೊಡ್ಡವರಿಗೆ. ಅದಕ್ಕಿಂತ ಮೊದಲು ಮಾಸ್ತರ ನಮಗಾಗಿ ಒಂದು ಗೊಂಬಿ ಸಿನಿಮಾ ಹಾಕುತ್ತಿದ್ದ.

ಅದರ ನಾಯಕ ಒಂದು ನೀರಿನ ಹನಿ. ತಲೆಗೆ ರುಮಾಲು, ಕೈಯಲ್ಲಿ ಕೋಲು, ಮೂಗಿನ ಕೆಳಗೆ ಹುರಿ ಮೀಸೆ. ಕಾಲುವೆಯಲ್ಲಿ ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತ ಬಂದು ಒಣಗಿದ ಹೊಲದ ಮುಂದೆ ನಿಂತು ಕದ ಬಡಿಯುತ್ತಿತ್ತು. ಹೊಲಕ್ಕೆಲ್ಲಿಯ ಕದ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಕದ ತೆರೆದೊಡನೆ ಹೊಲವೆಲ್ಲ ಹಸಿರಾಗಿ ಜೋಳದ ತೆನೆಗಳು ತಲೆ ಅಲ್ಲಾಡಿಸುತ್ತಿದ್ದವು. ಹನಿಯ ಹಾಡು ಮಾತ್ರ ಪುಸ್ತಕದ ಕನ್ನಡದಲ್ಲಿತ್ತು, ‘ಬಂದಿರುವೆನು, ತೆರೆಯಿರಿ’ ಎಂಬ ಧಾಟಿ. ಅದು ನಮ್ಮ ಬಾಯಿಗೆ ಒಗ್ಗಲಿಲ್ಲ. ವಾರದೊಳಗೆ ಅದನ್ನು ರಿಪೇರಿ ಮಾಡಿಕೊಂಡೆವು:

ಬಂದೇನಪ್ಪ ಬಂದೇನ
ಹನಿಯಪ್ಪ ನಾ ಬಂದೇನ
ಕದ ತಗಿಯೋ ಹೊಲದಪ್ಪ
ಹಸರು ಹೊತಗೊಂಡ ಬಂದೇನ

ಆ ವರ್ಷ ಊರಲ್ಲಿ ಬೇರೆ ಹಾಡೇ ಇರಲಿಲ್ಲ. ನನ್ನ ತಮ್ಮ ಬಸು ಅಪ್ಪನ ರುಮಾಲು ಸುತ್ತಿಕೊಂಡು ಮನೆಮನೆಯ ಕದ ಬಡಿದು ಬೈಸಿಕೊಂಡು ಬರುತ್ತಿದ್ದ. ಅವ್ವ ರೊಟ್ಟಿ ತಟ್ಟುವುದು ಅದೇ ತಾಳಕ್ಕೆ. ಅಪ್ಪನ ತಾಯಿ, ನಮ್ಮ ಆಯಿಗೆ ಕಣ್ಣು ಮಂಜಾಗಿತ್ತು, ಪರದೆಯ ಮೇಲಿನದು ಕಾಣುತ್ತಿರಲಿಲ್ಲ. ಆದರೂ ಪ್ರತಿ ಸಲ ಬಂದು ನಮ್ಮ ಹಿಂದೆ ಕೂತು, ಹನಿಯಪ್ಪ ಈಗ ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಎಂದು ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ. ಹೇಳುವಾಗ ಇಲ್ಲದ್ದನ್ನೂ ಒಂದಿಷ್ಟು ಸೇರಿಸುತ್ತಿದ್ದೆ. ಮುಂದೆ ಮಾಸ್ತರಿಕೆಗೆ ಬಿದ್ದದ್ದಕ್ಕೆ ಅದೇ ಮೊದಲ ಪಾಠವಿರಬೇಕು.

ಅಷ್ಟರಲ್ಲಿ ನಮ್ಮೂರಿನ ಕೆಳಗೆ ಹಿಡಕಲ್‌ನಲ್ಲಿ ಹೊಳೆಗೆ ಅಡ್ಡವಾಗಿ ಅಣೆಕಟ್ಟಿನ ಕೆಲಸ ಹಿಡಿದಿದ್ದರು. ಅಳೆಯುವವರು ನಮ್ಮೂರಿಗೂ ಬಂದು ಅಲ್ಲಲ್ಲಿ ಕಲ್ಲು ನೆಟ್ಟು ಸುಣ್ಣ ಬಳಿದು ಹೋದರು. ನಾವು ಆ ಕಲ್ಲುಗಳ ಮೇಲೆ ಕುಪ್ಪಳಿಸಿ ಆಡಿದೆವು. ಒಂದು ದಿನ ಹುಕ್ಕೇರಿಗೆ ಹೋಗಿ ಬಂದ ಅಪ್ಪ ಗಂಗಾಳದ ಮುಂದೆ ಕೂತು, ಊಟ ಮಾಡದೆ, ಊರು ನೀರಿನಲ್ಲಿ ಹೋಗುತ್ತದಂತೆ ಎಂದ. ಅವ್ವ ರೊಟ್ಟಿ ಹಾಕಲು ಚಾಚಿದ ಕೈ ಹಾಗೇ ನಿಂತಿತು. ಆಯಿ ಮಾತ್ರ ನಂಬಲಿಲ್ಲ. ನೀರು ಹೊಲಕ್ಕೆ ಬರುತ್ತದೆಂದು ಸರಕಾರದವರೇ ಹಾಡು ಕಟ್ಟಿ ತೋರಿಸಿದ್ದಾರೆ, ನೀನು ಯಾರ ಮಾತೋ ಕೇಳಿ ಬಂದಿದ್ದೀ ಎಂದು ಮಗನನ್ನೇ ಗದರಿಸಿದಳು.

ಮುಂದಿನ ಸಲ ಗಾಡಿ ಬಂದಾಗ ಆಯಿ ನನ್ನ ಭುಜ ಹಿಡಿದುಕೊಂಡು, ಪರದೆ ಕಟ್ಟುತ್ತಿದ್ದ ಮಾಸ್ತರನ ಹತ್ತಿರ ನೆಟ್ಟಗೆ ಹೋದಳು.

“ತಮ್ಮಾ, ಆ ಹನಿಯಪ್ಪ ನಮ್ಮ ಹೊಲಕ್ಕ ಯಾವಾಗ ಬರ್ತಾನ?”

ಮಾಸ್ತರ ಹಗ್ಗದ ಗಂಟನ್ನು ಬಿಗಿಯುತ್ತಲೇ ಇದ್ದ. ಆ ಗಂಟು ಆಗಲೇ ಬಿಗಿಯಾಗಿತ್ತು.

“ಆಯಿ, ಅಂವಾ ಕೆಳಗಿನ ಊರಿಗೆ ಹೋಗ್ತಾನ್ರಿ. ಗೋಕಾಕ, ಮೂಡಲಗಿ ಕಡೆ. ನಿಮ್ಮಲ್ಲಿ ನೀರು ನಿಂದರತೈತಿ.”

“ನಿಂದರತೈತಿ ಅಂದ್ರ?”

ಅವನು ಪರದೆಯ ಇನ್ನೊಂದು ತುದಿಯ ಹಗ್ಗದ ಕಡೆ ಹೋದ. ಆಯಿ ತಿರುಗಿ ಬಂದು ತನ್ನ ಜಾಗದಲ್ಲಿ ಕೂತಳು.

ಆ ಸಂಜೆ ಮಾಸ್ತರ ಗೊಂಬಿ ಸಿನಿಮಾ ಬಿಟ್ಟು ಸೀದಾ ಗೊಬ್ಬರದ ಸಿನಿಮಾ ಹಾಕಿದ. ನಮ್ಮ ಮೇಲೆ ಆಕಾಶವೇ ಬಿದ್ದಂತಾಯಿತು. ಬಸು ಅಳಲು ಶುರುಮಾಡಿದ, ಅವನ ಹಿಂದೆ ಉಳಿದ ಮಕ್ಕಳೂ ರಾಗ ತೆಗೆದವು. ಆಗ ಆಯಿ ಕೂತಲ್ಲಿಂದಲೇ ಹೇಳಿದಳು: “ಹುಡುಗೂರು ಹಾದಿ ನೋಡಾಕತ್ತಾವ. ಅದನ್ನ ಹಾಕ ತಮ್ಮಾ. ಹಾಡಿಂದೇನ ತಪ್ಪೈತಿ?”

ಮಾಸ್ತರ ಹಾಕಿದ. ನಾವು ಗಂಟಲು ಹರಿಯುವಂತೆ ಹಾಡಿದೆವು. ಪ್ರತಿ ಸಲ ಕೂಡಿ ಹಾಡುತ್ತಿದ್ದ ಅವ್ವ ಆ ದಿನ ಹಾಡಲಿಲ್ಲ. ಆಯಿ ಹನಿಯಪ್ಪ ಎಲ್ಲಿದ್ದಾನೆ ಎಂದು ಕೇಳಲಿಲ್ಲ. ಹಾಡುತ್ತ ಹಾಡುತ್ತ ಅರ್ಧದಲ್ಲಿ ನನಗೆ ಬೇಸರ ಬಂತು. ಆಟದ ಬೇಸರವಲ್ಲ, ಓದಿನದೂ ಅಲ್ಲ, ಅಂಥ ಬೇಸರ ಅದಕ್ಕೆ ಮೊದಲು ನನಗೆ ಗೊತ್ತಿರಲಿಲ್ಲ. ಆಮೇಲೆ ಬಾಳಿನಲ್ಲಿ ಬೇಕಾದಷ್ಟು ಸಲ ಬಂದಿದೆ, ಈಗ ಅದು ಮನೆಯವರಂತೆಯೇ ಆಗಿದೆ.

ಎಲ್ಲರೂ ಹೊರಡುವ ತನಕ ಕಾಯದೆ ಅಪ್ಪ ಮೂಡಲಗಿಯ ಹತ್ತಿರ ಒಂದು ಹೊಲ ಗೊತ್ತುಮಾಡಿದ. ಮನೆಯನ್ನು ನೀರಿಗೆ ಬಿಟ್ಟರೂ ಕಟ್ಟಿಗೆಯನ್ನು ಬಿಡಬಾರದೆಂದು ತೊಲೆ, ಕಂಬ, ಕಿಟಕಿ ಎಲ್ಲ ಬಿಚ್ಚಿ ಚಕ್ಕಡಿಗೆ ಹೇರಿಸಿದ. ಕಡೆಗೆ ಉಳಿದದ್ದು ತಲಬಾಗಿಲು. ಅಪ್ಪ ಹಾರೆ ಹಾಕಿ ಕದವನ್ನು ಮೀಟುತ್ತಿದ್ದ. ಬಸುವಿಗೇನು ತಿಳಿಯಬೇಕು, ಕದ ಅಲ್ಲಾಡಿದ್ದು ನೋಡಿದವನೇ ಅಂಗಳದಲ್ಲಿ ಕುಣಿಯುತ್ತ ಕದ ತಗಿಯೋ ಹೊಲದಪ್ಪ ಎಂದು ಶುರುಮಾಡಿದ. ಅವ್ವ ಓಡಿಹೋಗಿ ಅವನ ಬಾಯಿ ಮುಚ್ಚಿದಳು. ಅಪ್ಪ ಹಾರೆ ಕೆಳಗಿಟ್ಟು ಹೊಸ್ತಿಲ ಮೇಲೆ ಕೂತುಬಿಟ್ಟ.

“ಬಿಡ ಅವನ್ನ, ಹಾಡಲಿ,” ಎಂದ. ಆಮೇಲೆ ಯಾರಿಗೋ ಎಂಬಂತೆ, “ತಗದೇನಪಾ. ಕದಾನೂ ತಗದೇನಿ. ಇನ್ನೇನ ತಗೀಲಿ?”

ಎದ್ದು, ಕಳಚಿದ ಕದವನ್ನು ಬೆನ್ನ ಮೇಲೆ ಹೊತ್ತು ಚಕ್ಕಡಿಗೆ ತಂದಿಟ್ಟ.

ಮೂಡಲಗಿಯಲ್ಲಿ ನಮ್ಮನ್ನು ಯಾರೂ ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ. ಬಾಜೂ ಮನೆಯವರು ಒಂದು ವಾರ ರೊಟ್ಟಿ, ಝುಣಕ ಕೊಟ್ಟರು. ಆದರೆ ಆಯಿ ಹೊಲದ ಕಡೆ ಕಾಲು ಹಾಕಲಿಲ್ಲ. ಹೊಸ ಮನೆಗೆ ಹಚ್ಚಿದ ಹಳೆಯ ಕದಕ್ಕೆ ಒರಗಿ ಕೂತಿರುತ್ತಿದ್ದಳು. ಬೇಸಿಗೆ ಹತ್ತಿರ ಬಂದಾಗ ಕಾಲುವೆಯ ನೀರು ಮೊದಲ ಸಲ ನಮ್ಮ ಹೊಲಕ್ಕೆ ತಿರುಗಿತು. ಅಪ್ಪ ಬಂದು, ಒಂದು ಸಲ ಬಾ ಅವ್ವಾ ಎಂದು ಆಯಿಯ ಕೈ ಹಿಡಿದು ಕರೆದುಕೊಂಡು ಹೋದ. ನಾನೂ ಹಿಂದೆ ಹೋದೆ. ಆಯಿ ಬದುವಿನ ಮೇಲೆ ಕೂತು ಎರಡೂ ಕಾಲು ನೀರಿಗೆ ಇಳಿಬಿಟ್ಟಳು.

“ಇದು ನಮ್ಮೂರ ಮ್ಯಾಲಿಂದ ಬಂದದ್ದೇನೋ?”

“ಹೌದವ್ವಾ. ಅದ ಹೊಳಿ.”

ಆಯಿ ಬೊಗಸೆ ತುಂಬ ನೀರೆತ್ತಿದಳು. ಕುಡಿಯುತ್ತಾಳೇನೋ ಅಂದುಕೊಂಡೆ. ಕುಡಿಯಲಿಲ್ಲ, ಮುಖಕ್ಕೂ ಹಚ್ಚಲಿಲ್ಲ. ಸುಮ್ಮನೆ ಹಿಡಿದುಕೊಂಡಿದ್ದಳು, ಮಗುವಿನ ತಲೆ ಹಿಡಿದಂತೆ. “ಭಾಳ ದೂರದಿಂದ ಬಂದೈತಿ. ದಣದಿರಬೇಕು ಪಾಪ,” ಎಂದು ಮೆಲ್ಲಗೆ ಸಾಲಿನೊಳಗೆ ಬಿಟ್ಟಳು. ಮಾರನೆಯ ದಿನದಿಂದ ಹೊಲಕ್ಕೆ ಬರತೊಡಗಿದಳು. ಆ ವರ್ಷ ಜೋಳ ಚೆನ್ನಾಗಿ ಬಂತು.

ಇಷ್ಟು ವರ್ಷ ನಾನು ಇದನ್ನು ಯಾರಿಗೂ ಹೇಳಿರಲಿಲ್ಲ. ಮುಚ್ಚಿಡುವಂಥದ್ದೇನೂ ಇದರಲ್ಲಿಲ್ಲ, ಬರೀ ದಣಿವು. ನಿಮ್ಮೂರು ಯಾವುದು ಎಂದು ಕೇಳಿದವರಿಗೆಲ್ಲ ಮೂಡಲಗಿ ಎಂದುಬಿಡುವುದು ಸುಲಭ. ಹಳೆಯ ಊರಿನ ಹೆಸರು ಹೇಳಿದರೆ ಅದೆಲ್ಲಿದೆ ಎನ್ನುತ್ತಾರೆ, ಇಲ್ಲ ಎಂದರೆ ಯಾಕೆ ಎನ್ನುತ್ತಾರೆ. ಅಷ್ಟು ದೂರ ಯಾರು ನಡೆಯಬೇಕು? ಮದುವೆಯಾಗಿ ಗೋಕಾಕಕ್ಕೆ ಬಂದ ಮೇಲೆ ಗಂಡನಿಗೂ ಪೂರ್ತಿ ಹೇಳಲಿಲ್ಲ. ಅವರೂ ಈಗಿಲ್ಲ.

ನಿನ್ನೆ ಸಂಜೆ ಕೆಲಸದಿಂದ ಬಂದ ಸೊಸೆ ಸವಿತಾ, ಹೆಗಲಿನ ಚೀಲವನ್ನೂ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು. ಅಕ್ಕಿ ಮೊರದಲ್ಲಿ ಹಾಗೇ ಇತ್ತು.

“ಅತ್ತಿ, ಯಾಕ್ರಿ? ಮೂಡಲಗಿ ನೆನಪಾತೇನ್ರಿ?”

“ಮೂಡಲಗಿ ಅಲ್ಲವ್ವಾ,” ಎಂದೆ. “ಅದಕ್ಕಿಂತ ಮೊದಲ ಒಂದು ಊರಿತ್ತು. ಕುಂದರ ಇಲ್ಲೆ, ಹೇಳ್ತೇನಿ.”

ಅವಳೂ ದಣಿದು ಬಂದಿದ್ದಳು. ಆದರೂ ಚೀಲ ಇಳಿಸಿ ನನ್ನೆದುರು ನೆಲದ ಮೇಲೆಯೇ ಕೂತಳು. ಊರಿನ ಹೆಸರು ಹೇಳುವಾಗ ನನ್ನ ನಾಲಗೆ ಒಮ್ಮೆ ತಡವರಿಸಿತು. ಎರಡನೆಯ ಸಲ ಸರಿಯಾಗಿ ಬಂತು. ನಮ್ಮ ಮನೆಯಲ್ಲಿ ಊಟಕ್ಕೆ ನಿನ್ನೆ ಬಹಳ ತಡವಾಯಿತು.