ಅತ್ತೆಯ ಕೊರಳಿನ ಕಾರ್ಡು

ಮಾವ ತೀರಿಕೊಂಡ ತಿಂಗಳಿಗೇ ಅತ್ತೆ ಬೇಕರಿಯಲ್ಲಿ ಹಿಟ್ಟು ನಾದಲು ಸೇರಿದರು. ಆಗ ನನ್ನ ಗಂಡನಿಗೆ ಆರು ವರ್ಷ. ಇಪ್ಪತ್ತೆರಡು ವರ್ಷ ನಾದಿ ನಾದಿ ಅವರ ಬಲತೋಳು ಎಡತೋಳಿಗಿಂತ ದಪ್ಪವಾಗಿದೆ. "ಇದನ್ನ ನೋಡಿದ್ರೆ ಪೈಲ್ವಾನರೂ ದಾರಿ ಬಿಡ್ತಾರೆ ಕಣೇ" ಎಂದು ನಗುತ್ತಾರೆ. ಮಧ್ಯಾಹ್ನ ಪಾಳಿ ಮುಗಿಸಿ, ಹುಬ್ಬಿನ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ, ನನ್ನ ಮಗಳನ್ನು ಶಿಶುವಿಹಾರದಿಂದ ಕರೆತರುವವರು ಅವರೇ.

ಮಗಳನ್ನು ಅಲ್ಲಿಗೆ ಸೇರಿಸಿದ ದಿನವೂ ಹಾಗೆಯೇ ಬಂದಿದ್ದರು. ಸುತ್ತ ಇಸ್ತ್ರಿ ಮುರಿಯದ ಬಟ್ಟೆಯ ತಾಯಂದಿರು. ಮಗುವನ್ನು ಕರೆದೊಯ್ಯುವವರ ಕಾರ್ಡು ಬರೆಯುತ್ತಿದ್ದ ಕಚೇರಿಯ ಹುಡುಗಿ, "ಆ ಲೇಡಿ ನಿಮಗೇನಾಗ್ಬೇಕು?" ಎಂದಳು.

"ಕೆಲಸದವರು" ಎಂದುಬಿಟ್ಟೆ.

ಅವಳು ಅದನ್ನೇ ಬರೆದು ಮೊಹರು ಒತ್ತಿದಳು. ಅತ್ತೆ ಹೊರಗೆ ಕೂತು ಮೊಮ್ಮಗಳ ಬೂಟಿನ ದಾರ ಕಟ್ಟುತ್ತಿದ್ದರು. ಅವರಿಗೆ ಓದು ಬಾರದು. ಆ ಧೈರ್ಯವೂ ನನಗಿತ್ತು. ಐದು ತಿಂಗಳಿಂದ ಆ ಕಾರ್ಡನ್ನು ಕೊರಳಿಗೆ ಹಾಕಿಕೊಂಡೇ ಗೇಟಿನಲ್ಲಿ ನಿಲ್ಲುತ್ತಿದ್ದರು.

ಇವತ್ತು ಸಂಜೆ ನಾನು ಕೆಲಸದಿಂದ ಬಂದಾಗ ಅತ್ತೆಯ ಮುಖ ಅರಳಿತ್ತು.

"ಹೆಡ್‌ಮೇಡಂ ನನ್ನ ಕೈ ನೋಡಿ ಏನ್ ಕೆಲಸ ಅಂದ್ರು. ಬೇಕರೀಲಿ ಹಿಟ್ಟು ನಾದ್ತೀನಿ ಅಂದೆ. ಹಾಗಾದ್ರೆ ನಿಜವಾದ ಲೇಡಿ ನೀವೇ ಅಂದ್ರು!"

"ಅದ್ಹೇಗಂತೆ?"

"ಸಾವಿರ ವರ್ಷದ ಹಿಂದೆ ಇಂಗ್ಲಿಷಿನೋರು ಬ್ರೆಡ್ಡಿನ ಹಿಟ್ಟು ನಾದೋಳು ಅನ್ನೋದನ್ನೇ ಒಂದು ಮಾತು ಮಾಡಿದ್ರಂತೆ. ಮನೆ ಯಜಮಾನಿಗೆ ಆ ಹೆಸರು. ಅದು ಸವೆದು ಸವೆದು ಲೇಡಿ ಆಯ್ತಂತೆ. ಆಮೇಲೆ ದೊಡ್ಡ ಮನೆತನದ ಹೆಂಗಸರು ಹೆಸರು ತಗೊಂಡ್ರು, ಹಿಟ್ಟು ನಮ್ಮಂಥೋರ ಕೈಲೇ ಉಳೀತು, ನೋಡು!"

ಇಬ್ಬರೂ ನಕ್ಕೆವು. ಆಮೇಲೆ ಅವರು ಕಾರ್ಡು ತೆಗೆದು ನನ್ನ ಮುಂದೆ ಹಿಡಿದರು.

"ಕೊನೆಗೆ ಇದನ್ನ ಓದಿ, ಈ ಮಗು ಮನೇಲಿ ಎಷ್ಟು ವರ್ಷದಿಂದ ಕೆಲಸಕ್ಕಿದ್ದೀರಿ ಅಂದ್ರು. ಅಯ್ಯೋ, ಇದು ನನ್ನ ಮೊಮ್ಮಗು ಅಂದೆ. ಅವರ ಮುಖ ಒಂಥರಾ ಆಯ್ತು. ಇದ್ರಲ್ಲಿ ಏನ್ ಬರೆದಿದೆ ಕಣೇ?"

ಸುಳ್ಳು ಹೇಳಬಹುದಿತ್ತು, ಬರೆದವಳ ತಪ್ಪು ಎನ್ನಬಹುದಿತ್ತು. ನಾಲಿಗೆ ತುದಿಯವರೆಗೂ ಬಂದಿತ್ತು. ನುಂಗಿಕೊಂಡು, ಬರೆದದ್ದನ್ನೇ ಓದಿದೆ. ಹೇಳಿ ಬರೆಸಿದವಳು ನಾನೇ ಎಂದೂ ಹೇಳಿದೆ.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ತಮ್ಮ ಅಂಗೈ ನೋಡಿಕೊಂಡು, "ಅವತ್ತು ಸೀರೆ ಬದಲಾಯಿಸ್ಕೊಂಡು ಬರ್ಬೇಕಿತ್ತು ನಾನು" ಎಂದರು.

ನಾಳೆ ಅರ್ಧ ದಿನ ರಜೆ ಹಾಕಿದ್ದೇನೆ. ಹೆಡ್‌ಮೇಡಂ ಎದುರು ನಿಂತು, ಇವರು ನನ್ನ ಅತ್ತೆ ಎಂದು ಹೇಳಿ ಬೇರೆ ಕಾರ್ಡು ಬರೆಸಬೇಕು. ಜೊತೆಗೆ ಬನ್ನಿ ಎಂದು ಎರಡು ಸಲ ಕರೆದೆ. ಅತ್ತೆ ಇನ್ನೂ ಹೂಂ ಎಂದಿಲ್ಲ.