ದೋ ನಂಬರ್ ಸಾಬ್

ಪದ್ಮನಾಭರಾಯರ ಫೋನು ಬಂದಾಗ ಜಯತೀರ್ಥರು ಚಹಾ ಕುಡಿಯುತ್ತಿದ್ದರು. ಫೋನು ಇಟ್ಟ ಮೇಲೆ ಆ ಚಹಾ ಹಾಗೇ ಆರಿಹೋಯಿತು. ಹೈದರಾಬಾದಿನ ಕನ್ನಡ ಬಳಗದ ಕಾರ್ಯದರ್ಶಿ ಪದ್ಮನಾಭರಾಯರು ಕೇಳಿದ್ದು ಇಷ್ಟೇ. ಈ ಸಲ ಫುಟ್‌ಬಾಲ್ ಲೀಗಿನ ಕಪ್ಪು ಗೆದ್ದ ಕೋಚ್ ನಮ್ಮ ಕನ್ನಡದ ಹುಡುಗ ಕೇದಾರ, ಅವನಿಗೆ ಭಾನುವಾರ ಸನ್ಮಾನ, ಅವನ ಗುರುಗಳಾದ ತಾವೇ ಬಂದು ನಾಲ್ಕು ಮಾತಾಡಬೇಕು.

"ಶಾಲೂ ನೀವ ಆರಿಸಿ ತಂದ್ರ ಭಾಳ ಚಲೋರಿ. ಗುರುಗಳ ಕೈಯಿಂದ ಹೊದಿಸಿದಂಗ ಆಗ್ತೈತಿ."

"ಆಗ್ಲಿರಿ" ಎಂದರು ಜಯತೀರ್ಥರು. ಹಲ್ಲು ಕಡಿದುಕೊಂಡು ಆಡಿದ ಮಾತು ಅದು. ಫೋನಿನಲ್ಲಿ ಹಲ್ಲು ಕಾಣುವುದಿಲ್ಲವಲ್ಲ, ರಾಯರು ಖುಷಿಯಾಗಿಯೇ ಫೋನು ಇಟ್ಟರು.

ಜಯತೀರ್ಥರು ಸಾಮಾನ್ಯರಲ್ಲ. ಅವರ ತಂದೆ ರಾಯಚೂರಿನ ಕಡೆಯಿಂದ ಸರ್ಕಾರಿ ನೌಕರಿಗೆಂದು ಈ ಊರಿಗೆ ಬಂದವರು. ಮಗ ಚರ್ಮದ ಚೆಂಡು ಒದ್ದು ಬಂದರೆ ತಾಯಿ ಹಿತ್ತಿಲ ನಲ್ಲಿಯಲ್ಲಿ ಕೈಕಾಲು ತೊಳೆಸದೆ ಒಳಗೆ ಬಿಡುತ್ತಿರಲಿಲ್ಲ. ಅಂಥ ಮನೆಯ ಹುಡುಗ ಮೊದಲು ಆಟಗಾರನಾಗಿ, ಆಮೇಲೆ ಕೋಚ್ ಆಗಿ ಮೂವತ್ತು ವರ್ಷ ಅದೇ ಚೆಂಡಿನಿಂದ ಅನ್ನ ಉಂಡ. ದಿಲ್‌ಸುಖ್‌ನಗರದಲ್ಲಿ ಮನೆ ಕಟ್ಟಿಸಿದ. ನೆಲಕಚ್ಚಿದ ಕ್ಲಬ್ಬುಗಳವರು ಕೈಮುಗಿದು ಬರುತ್ತಿದ್ದುದು ಇವರ ಬಾಗಿಲಿಗೇ. ಇವರ ಕೈಗೆ ಬಿದ್ದ ತಂಡ ಕೆಳಗಿನ ದರ್ಜೆಗೆ ಇಳಿದದ್ದೇ ಇಲ್ಲ. ಇವರು ತಿದ್ದಿದ ಹುಡುಗರು ಗೋವೆಗೆ, ಕೊಲ್ಕತ್ತಾಕ್ಕೆ ಹೋಗಿ ದೊಡ್ಡ ಕ್ಲಬ್ಬುಗಳಲ್ಲಿ ಆಡಿದರು. ಎಲ್ಲ ಸರಿ, ಕಪ್ಪು? ಕಪ್ಪು ಮಾತ್ರ ಒಂದೂ ಇಲ್ಲ. ಐದು ಸಲ ಎರಡನೇ ಸ್ಥಾನ. ಎರಡನೆಯವರಿಗೆ ಕೊಡುವ ಬೆಳ್ಳಿ ಬಣ್ಣದ ತಟ್ಟೆಗಳು ಮನೆಯಲ್ಲಿದ್ದವು. ಹೆಂಡತಿ ಸುಂದರಾಬಾಯಿ ಅವುಗಳಲ್ಲಿ ಒಂದನ್ನು ಅರಿಶಿನ ಕುಂಕುಮಕ್ಕೆ ಇಟ್ಟುಕೊಂಡಿದ್ದರು. ಮುತ್ತೈದೆಯರು ಬಂದಾಗಲೆಲ್ಲ ಜಯತೀರ್ಥರ ಒಂದು ಸೋಲು ನಡುಮನೆಗೆ ಬಂದು ಹೋಗುತ್ತಿತ್ತು.

ಊರಿನವರು ಇನ್ನೂ ಒಂದು ಹೆಜ್ಜೆ ಮುಂದೆ. ಮೈದಾನದ ಪಡ್ಡೆ ಹುಡುಗರು ಇವರಿಗೆ ಇಟ್ಟ ಹೆಸರು 'ದೋ ನಂಬರ್ ಸಾಬ್', ಎರಡನೇ ನಂಬರಿನ ಸಾಹೇಬರು. ಹೈದರಾಬಾದಿನಲ್ಲಿ ದೋ ನಂಬರ್ ಮಾಲು ಎಂದರೆ ನಕಲಿ ಮಾಲು. ಜೊತೆಗೆ, ಇಲ್ಲಿಯವರಿಗೆ ಆಗಿಹೋದದ್ದೆಲ್ಲ 'ಪರ್ಸೋಂ', ಮೊನ್ನೆ. "ಕ್ಯಾ ಸಾಬ್, ಪರ್ಸೋಂ ಫೈನಲ್ ಹಾರ್‌ಗಯೇ ನಾ?" ಎಂದು, ಫೈನಲ್ ಸೋತದ್ದು ಮೊನ್ನೆಯೇ ಎಂಬಂತೆ, ಪಾನ್ ಡಬ್ಬಿಯವನು ಈಗಲೂ ಕೇಳುತ್ತಾನೆ. ಆ ಮೊನ್ನೆ ಆಗಿ ಒಂಬತ್ತು ವರ್ಷ. ಊರಿಗೆ ಊರೇ ಸೇರಿ ಗಾಯ ಆರದಂತೆ ನೋಡಿಕೊಂಡರೆ ಮನುಷ್ಯ ಏನು ಮಾಡಬೇಕು?

ಒಂಬತ್ತು ವರ್ಷದ ಹಿಂದಿನ ಆ ಫೈನಲ್ಲಿನಲ್ಲಿ ಕೇದಾರ ಇವರ ತಂಡದ ಫಾರ್ವರ್ಡ್, ಗೋಲು ಹೊಡೆಯುವ ಆಟಗಾರ. ಎಂಟು ವರ್ಷದವನಿದ್ದಾಗಿನಿಂದ ಇವರ ಕೈಕೆಳಗೇ ಬೆಳೆದವನು. ಜಯತೀರ್ಥರ ಒಂದು ಪದ್ಧತಿ ಇತ್ತು. ಅವರ ತಂದೆತಾಯಿ ಅಂಗಡಿಯಲ್ಲಿ, ವ್ಯಾಪಾರಿಗೆ ತಿಳಿಯದಿರಲೆಂದು, ತಮ್ಮತಮ್ಮಲ್ಲಿ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದರು. ಮಗ ಆ ಉಪಾಯವನ್ನು ಮೈದಾನಕ್ಕೆ ತಂದ. ತೆಲುಗಿನ ಹುಡುಗರಿಗೂ ಉರ್ದುವಿನ ಹುಡುಗರಿಗೂ ನಾಲ್ಕಾರು ಕನ್ನಡ ಮಾತು ಉರು ಹೊಡೆಸಿದ. ಕೊಡು, ಬಿಡು, ತಡಿ, ಹಿಂದ ಸರಿ. ಗೆರೆಯ ಆಚೆ ನಿಂತು ಇವರು ಕೂಗಿದರೆ ಎದುರಾಳಿ ತಂಡಕ್ಕೆ ತಲೆಬುಡ ತಿಳಿಯುತ್ತಿರಲಿಲ್ಲ. ಅವತ್ತು ಕೊನೆಯ ನಿಮಿಷಗಳಲ್ಲಿ ಕೇದಾರನ ಕಾಲಲ್ಲಿ ಚೆಂಡು, ಎದುರಿಗೆ ಗೋಲು, ಗೋಲ್‌ಕೀಪರ್ ಜಾರಿ ಬಿದ್ದಿದ್ದ. ಜಯತೀರ್ಥರು ಕೂಗಿದರು, "ಕೊಡು! ಎಡಕ್ಕ ಕೊಡು!" ಎಡಕ್ಕೆ ಇನ್ನೊಬ್ಬ ಹುಡುಗ ಖಾಲಿ ನಿಂತಿದ್ದ. ಕೇದಾರ ಹೊಡೆಯುವುದನ್ನು ಬಿಟ್ಟು ಚೆಂಡು ಕೊಟ್ಟ. ನಡುವೆ ಯಾರದೋ ಕಾಲು ಅಡ್ಡ ಬಂತು, ಚೆಂಡು ಆ ತುದಿಗೆ ಹೋಯಿತು, ಇವರ ಗೋಲೊಳಗೆ ಬಿತ್ತು. ಕಪ್ಪು ಹೋಯಿತು.

ಆಟ ಮುಗಿದ ಮೇಲೆ ಪತ್ರಿಕೆಯವರು ಕೇಳಿದರು. ಜಯತೀರ್ಥರು, "ಹುಡುಗ ಅಂಜಿಬಿಟ್ಟ" ಎಂದರು. ಆ ಗದ್ದಲದಲ್ಲಿ ಅವರ ಕೂಗು ಕೇಳಿಸಿದ್ದು ಕೇದಾರನೊಬ್ಬನಿಗೇ. ಚಿಕ್ಕಂದಿನಿಂದ ಆ ದನಿಗೆ ಒಗ್ಗಿದ ಕಿವಿ ಅವನದು. ಅವನು ಬಾಯಿ ಬಿಡಲಿಲ್ಲ. ಮುಂದಿನ ವರ್ಷ ಕ್ಲಬ್ಬಿನವರು ಅವನನ್ನು ಇಟ್ಟುಕೊಳ್ಳಲಿಲ್ಲ. ಅಂಜುಬುರುಕ ಫಾರ್ವರ್ಡ್ ಯಾರಿಗೆ ಬೇಕು? ಮಾದಾಪುರದ ಕಂಪನಿ ಹುಡುಗರಿಗೆ ಶನಿವಾರ ಭಾನುವಾರ ಆಟ ಹೇಳಿಕೊಟ್ಟುಕೊಂಡು, ಕೋಚಿಂಗ್ ಪರೀಕ್ಷೆ ಪಾಸು ಮಾಡಿಕೊಂಡು, ಈ ವರ್ಷ ಮೂಸಿ ಯುನೈಟೆಡ್ ತಂಡಕ್ಕೆ ಕೋಚ್ ಆಗಿ ಬಂದ. ಬಂದ ಮೊದಲ ವರ್ಷವೇ ಕಪ್ಪು.

ಮೊದಲ ವರ್ಷ! ಜಯತೀರ್ಥರ ಹೊಟ್ಟೆಯಲ್ಲಿ ಬೆಂಕಿ ಬೀಳಲು ಇಷ್ಟು ಸಾಕಿತ್ತು. ಆದರೆ ಅವರನ್ನು ಕುಣಿಸುತ್ತಿದ್ದುದು ಬೇರೆಯದೇ ಒಂದು ಸಂಗತಿ. ಈ ವರ್ಷದ ಫೈನಲ್ಲಿಗೆ ಅವರು ಅತಿಥಿಯಾಗಿ ಹೋಗಿದ್ದರು. ಕೇದಾರನ ಬೆಂಚಿನ ಹಿಂದೆಯೇ ಅವರ ಕುರ್ಚಿ. ಶಿಷ್ಯ ತನ್ನ ಹುಡುಗರಿಗೆ ಅದೇ ನಾಲ್ಕಾರು ಕನ್ನಡ ಮಾತು ಕಲಿಸಿದ್ದು ಕೇಳಿ ಮೊದಲೇ ಮೈ ಉರಿದಿತ್ತು. ನನ್ನ ಕನ್ನಡ, ನನ್ನನ್ನು ಒಂದು ಮಾತು ಕೇಳಿದನೇ? ಕೊನೆಗೆ ಚೆಂಡು ಯಾದಗಿರಿ ಎಂಬ ಹೊಸ ಹುಡುಗನ ಕಾಲಿಗೆ ಬಂತು. ನಲ್ಗೊಂಡದ ಕಡೆಯವನು, ತಂಡ ಸೇರಿ ತಿಂಗಳಾಗಿತ್ತಷ್ಟೆ. ಕೇದಾರ ಎದ್ದು ನಿಂತು ಕೂಗಿದ, "ಕೊಡು! ಕೊಡು!" ಯಾದಗಿರಿ ಕೊಡಲಿಲ್ಲ, ಹೊಡೆದ. ಕೇದಾರ ಎರಡೂ ಕೈ ತಲೆಯ ಮೇಲಿಟ್ಟುಕೊಂಡದ್ದನ್ನು ಜಯತೀರ್ಥರು ಕಣ್ಣಾರೆ ಕಂಡರು. ಆಮೇಲೆ ಚೆಂಡು ಗೋಲಿನ ಮೂಲೆಗೆ ಹೋಯಿತು, ಜನ ಹುಚ್ಚೆದ್ದರು, ಅದೇ ಕೈಗಳು ಆಕಾಶಕ್ಕೆ ಏರಿದವು. ಟೀವಿಯವರು ಹುಡುಗನನ್ನು ಕೇಳಿದರೆ ಅವನು ತೆಲುಗಿನಲ್ಲಿ, "ಸಾರ್ ಕೊಟ್ಟು ಅನ್ನಡು, ಕೊಟ್ಟಿನ" ಎಂದ. ತೆಲುಗಿನಲ್ಲಿ ಕೊಟ್ಟು ಎಂದರೆ ಹೊಡಿ, ಕೊಟ್ಟಿನ ಎಂದರೆ ಹೊಡೆದೆ. ಪಾಪದ ಹುಡುಗ ಕನ್ನಡದ ಕೊಡುವನ್ನು ತನ್ನ ಮನೆಯ ಮಾತಾಗಿ ಕೇಳಿಸಿಕೊಂಡಿದ್ದ.

ಇದು ನ್ಯಾಯವೇ? ಜಯತೀರ್ಥರ ಹುಡುಗ ಹೇಳಿದ್ದನ್ನು ಸರಿಯಾಗಿ ಕೇಳಿ ಸೋತ. ಕೇದಾರನ ಹುಡುಗ ತಪ್ಪಾಗಿ ಕೇಳಿ ಗೆದ್ದ. ಕೂಗಿದ್ದು ಒಂದೇ ಮಾತು. ಒಬ್ಬನಿಗೆ ಕಪ್ಪು, ಇನ್ನೊಬ್ಬನಿಗೆ ಕುಂಕುಮದ ತಟ್ಟೆ! ಕೇದಾರನನ್ನು ಬಿಟ್ಟರೆ ಇದನ್ನು ಬಲ್ಲವನು ಜಗತ್ತಿನಲ್ಲಿ ತಾನೊಬ್ಬನೇ, ಅವನಂತೂ ಹೇಳಿಕೊಳ್ಳುವುದಿಲ್ಲ ಎಂದು ಜಯತೀರ್ಥರು ನಂಬಿದ್ದರು. ಭಾನುವಾರದ ಸಭೆಯಲ್ಲಿ ನಗುನಗುತ್ತ ಇದನ್ನು ಹೇಳಿಬಿಡಬೇಕು, ಆ ಕಪ್ಪಿನ ಗಾಳಿ ಅಲ್ಲೇ ಇಳಿಯಬೇಕು ಎಂದು ನಿಶ್ಚಯಿಸಿದರು. ಸ್ನಾನದ ಮನೆಯಲ್ಲಿ ಭಾಷಣದ ಅಭ್ಯಾಸವೂ ನಡೆಯಿತು.

"ಒಳಗ ಯಾರಿಗೆ ಬೈಯಾಕತ್ತೀರಿ?" ಎಂದು ಸುಂದರಾಬಾಯಿ ಬಾಗಿಲು ಬಡಿದರು.

"ಬೈಯಾಕತ್ತಿಲ್ಲ. ಹೊಗಳಾಕತ್ತೀನಿ."

"ಹೊಗಳೂದು ಹಿಂಗ ಕೇಳಸ್ತೈತೇನು?" ಎಂದು ಅವರು ಒಳಗೆ ಹೋದರು.

ಶಾಲು ಕೊಳ್ಳಲು ಗಂಡಹೆಂಡತಿ ಸುಲ್ತಾನ್ ಬಜಾರಿಗೆ ಹೋದರು. ಸುಂದರಾಬಾಯಿ ಅಂಚಿರುವ ರೇಷ್ಮೆಯ ಶಾಲು ಮುಟ್ಟಿ ನೋಡುತ್ತಿದ್ದರೆ ಜಯತೀರ್ಥರು ಮೂಲೆಯಲ್ಲಿದ್ದ ದಪ್ಪ ಉಣ್ಣೆಯದಕ್ಕೆ ಕೈ ಹಾಕಿದರು. ಮೇ ತಿಂಗಳ ಹೈದರಾಬಾದು. ಅದನ್ನು ನೋಡಿದರೇ ಕುತ್ತಿಗೆ ಕೆರೆಯುತ್ತಿತ್ತು.

"ಈ ಬ್ಯಾಸಿಗ್ಯಾಗ ಇದನ್ನ ಹೊದಿಸ್ತೀರೇನ್ರಿ ಆ ಹುಡುಗಗ?"

"ದೊಡ್ಡ ಕೋಚ್ ಆಗ್ಯಾನಲ್ಲ, ತಡಕೊಳ್ಳಲಿ."

ಸುಂದರಾಬಾಯಿ ಗಂಡನ ಮುಖ ನೋಡಿದರು. ಮೂವತ್ತೈದು ವರ್ಷದ ಸಂಸಾರ. ಏನು ತಿಳಿಯಬೇಕೋ ತಿಳಿಯಿತು. ಉಣ್ಣೆಯದನ್ನೇ ಕಟ್ಟಿಸಿಕೊಂಡರು.

ಭಾನುವಾರ ಸಂಜೆ ಕಾಚಿಗುಡದ ಸಭಾಂಗಣ ತುಂಬಿತ್ತು. ಮಾದಾಪುರದಿಂದ ಕಂಪನಿಯ ಹುಡುಗ ಹುಡುಗಿಯರು ಮೆಟ್ರೋ ಹಿಡಿದು ಬಂದಿದ್ದರು, ನಿವೃತ್ತ ಅಧಿಕಾರಿಗಳು ಮುಂದಿನ ಸಾಲು ಹಿಡಿದಿದ್ದರು. ಗುರುಗಳ ಮಾತು ಆಶೀರ್ವಾದದಂತೆ ಕೊನೆಗಿರಲಿ ಎಂದು ಪದ್ಮನಾಭರಾಯರು ಮೈಕನ್ನು ಮೊದಲು ಕೇದಾರನಿಗೆ ಕೊಟ್ಟರು.

ಕೇದಾರ ಕೈಮುಗಿದ. "ನಿಮಗ ಒಂದು ಖರೇ ಮಾತು ಹೇಳ್ತೀನ್ರಿ" ಎಂದು ನಕ್ಕ. "ಆ ಗೋಲು ನಾ ಹೊಡಸಿದ್ದಲ್ಲ. ನಾ ಕೊಡು ಕೊಡು ಅಂತ ಒದರಾಕತ್ತಿದ್ದೆ. ಹುಡುಗ ತೆಲುಗಿನವ, ಕೊಟ್ಟು ಅಂತ ತಿಳಕೊಂಡ. ಅವಂಗ ಕನ್ನಡ ಬಂದಿದ್ರ ನನಗ ಇವತ್ತು ಸನ್ಮಾನ ಇರ್ತಿದ್ದಿಲ್ರಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಚಪ್ಪಾಳೆ ನಿಲ್ಲಲೇ ಇಲ್ಲ. ಎಂಥ ಸರಳ ಹುಡುಗ, ಎಂಥ ದೊಡ್ಡ ಮನಸ್ಸು ಎಂದು ಮುಂದಿನ ಸಾಲು ತಲೆದೂಗಿತು. ವೇದಿಕೆಯ ಮೇಲೆ ಜಯತೀರ್ಥರ ಕಿವಿ ಕಾದವು. ವಾರವಿಡೀ ಮಸೆದ ಮಾತನ್ನು ಇವನು ತಾನೇ ಆಡಿ, ಮೇಲೆ ಹೊಗಳಿಸಿಕೊಂಡುಬಿಟ್ಟನಲ್ಲ! ಗೆದ್ದವನಿಗೆ ತನ್ನ ತಪ್ಪನ್ನು ಹೇಳಿಕೊಂಡು ನಗುವುದೂ ಸಲೀಸು. ಸೋತವನು ಹೇಳಿಕೊಂಡರೆ ಯಾರು ಚಪ್ಪಾಳೆ ಹೊಡೆಯುತ್ತಾರೆ?

ಪದ್ಮನಾಭರಾಯರು ನಗು ತಡೆಯುತ್ತಲೇ ಮೈಕು ತಂದು ಜಯತೀರ್ಥರ ಮುಂದೆ ಹಿಡಿದರು. ಪಾಪ, ಅವರಿಗೆ ಸಭೆಯನ್ನು ಇನ್ನಷ್ಟು ನಗಿಸುವ ಉಮೇದು. "ಹಂಗಾರ ಸರ್, ಆ ಹಳೇ ಫೈನಲ್‌ದಾಗ ನೀವು ಏನಂದಿದ್ರಿ? ನೀವೂ ಕೊಡು ಅಂದಿದ್ರೇನು?"

ಎಲ್ಲರೂ ನಗಲು ಸಿದ್ಧರಾಗಿ ಕೂತಿದ್ದರು. ಹೌದ್ರಿ ಎಂದಿದ್ದರೆ ಸಾಕಿತ್ತು, ಇನ್ನೊಂದು ನಗೆ ಎದ್ದು ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಜಯತೀರ್ಥರಿಗೂ ಅದು ಹೊಳೆಯಿತು. ಆದರೆ ಈ ಹುಡುಗನ ಪಕ್ಕದಲ್ಲಿ ನಿಂತು, ಇವನು ದಾರಿ ಮಾಡಿಕೊಟ್ಟ ಮೇಲೆ, ಇವನ ಹಾಗೆಯೇ ನಗುತ್ತ ಹೇಳುವುದೇ? ಇಲ್ಲೂ ಎರಡನೆಯವನಾಗುವುದೇ?

"ಇಲ್ರಿ" ಎಂದರು. "ನಾ ಹೊಡಿ ಅಂದಿದ್ದೆ."

ಎಲ್ಲರ ಕಣ್ಣು ಕೇದಾರನ ಕಡೆ ತಿರುಗಿತು. ಅವನು ಒಂದು ಮಾತು ಆಡಿದರೆ ಇವರ ಮೂವತ್ತು ವರ್ಷದ ಮರ್ಯಾದೆ ಈ ವೇದಿಕೆಯ ಮೇಲೇ ಮಣ್ಣುಪಾಲು. ಕೇದಾರ ಒಂದು ಗಳಿಗೆ ಇವರನ್ನೇ ನೋಡಿದ. ಆಮೇಲೆ ಮೈಕಿನ ಹತ್ತಿರ ಬಾಗಿದ.

"ಹೌದ್ರಿ. ಸರ್ ಹೊಡಿ ಅಂತನ ಒದರಿದ್ರು. ನಾನ ಅಂಜಿ ಕೊಟ್ಟುಬಿಟ್ಟೆ."

ಈ ಸಲ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು. ಯಾರೋ ಕಣ್ಣೊರೆಸಿಕೊಂಡರು. ಕೇದಾರ ಶಾಲಿಗೆ ತಲೆಬಾಗಿಸಿ ನಿಂತ. ಜಯತೀರ್ಥರು ಆ ದಪ್ಪ ಉಣ್ಣೆಯನ್ನು ಅವನ ಹೆಗಲಿಗೆ ಹಾಕಿದರು. ಅವನು ಬಗ್ಗಿ ಕಾಲು ಮುಟ್ಟಿದ. ಕಪ್ಪನ್ನಾದರೆ ಅದೃಷ್ಟ ಎಂದು ತಳ್ಳಿಹಾಕಬಹುದಿತ್ತು. ಇದಕ್ಕೆ ಏನೆನ್ನುವುದು? ಇದನ್ನು ಇವನು ಎಲ್ಲಿ ಕಲಿತ? ತಾವಂತೂ ಕಲಿಸಿರಲಿಲ್ಲ. ಜಯತೀರ್ಥರಿಗೆ ತಮ್ಮ ಜನ್ಮದಲ್ಲಿ ಯಾರ ಮೇಲೂ ಇಷ್ಟು ಹೊಟ್ಟೆಕಿಚ್ಚು ಆಗಿರಲಿಲ್ಲ.

ಮನೆಗೆ ಹೋಗುವ ಆಟೋದಲ್ಲಿ ಸುಂದರಾಬಾಯಿ ಬಾಯಿ ತುಂಬ ಹೊಗಳುತ್ತಿದ್ದರು. "ಎಷ್ಟು ಚಲೋ ಹುಡುಗ ನೋಡ್ರಿ. ಅಷ್ಟು ಮಂದಿ ಮುಂದ ಎಲ್ಲಾ ಒಪ್ಕೊಂಡ. ಅವಂಗ ಸುಳ್ಳು ಹೇಳಾಕ ಬರೂದ ಇಲ್ಲ."

"ಬರ್ತೈತಿ" ಎಂದರು ಜಯತೀರ್ಥರು. "ನನಗಿಂತ ಚಲೋ ಬರ್ತೈತಿ."