ಬೇಲಿ ಕಂಡಿಯಲ್ಲಿ ಸಿಕ್ಕಿಬಿದ್ದ ಬಸ್ಸು

ಕಳೆದ ವಾರ ಗುರುಗುಂಟಾದ ಆಚೆ ಬಸ್ ಡಿಪೋದ ಜೀಪೊಂದು ಹಳ್ಳದ ದಂಡೆಗೆ ಬಂದು, ಮುಂದೆ ಹೋಗಲು ದಾರಿಯಿಲ್ಲದೆ ಗುರ್ ಎನ್ನುತ್ತ ನಿಂತಿತ್ತು ಎಂಬ ಸುದ್ದಿ ನಿಮ್ಮ ಕಿವಿಗೂ ಬಿದ್ದಿರಬಹುದು. ಯಾವನೋ ತಲೆತಿರುಕ ತಪ್ಪು ನಕ್ಷೆ ಬರೆದು ಕೊಟ್ಟಿದ್ದನಂತೆ.

ಆ ತಲೆತಿರುಕ ನಾನೇ.

(ನಮ್ಮ ಮನೆಯಲ್ಲಿ ಇದನ್ನು ಕೇಳಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಬೇಸರ ಅದೇ.)

ಕತೆ ಶುರುವಾದದ್ದು ಮಸ್ಕಿಯಲ್ಲಿ, ನನ್ನ ಗೆಳೆಯ ವೀರೇಶನ ರೇಡಿಯೋ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಸಿಂಧನೂರು, ಲಿಂಗಸುಗೂರು, ಮಸ್ಕಿಗೆ ಬಸ್ಸುಗಳಿವೆ. ನಡುವಿನ ಒಳಹಳ್ಳಿಗಳಿಗೆ? ಹೋಗಿ ಕೇಳಿದರೆ ಡಿಪೋದ ಸಾಹೇಬರು ಅಂದರು: "ಬಸ್ ಬಿಡ್ರಿ, ಬಸ್ ಬಿಡ್ರಿ ಅಂತೀರಿ. ಯಾವ ರಸ್ತಾದ ಮ್ಯಾಲ ಬಿಡ್ಲಿ? ನಕ್ಷಾ ಬರದು ತೋರಸ್ರಿ. ಜೀಪ್ ತಗೊಂಡು ಬಂದು ನೋಡ್ತೀನಿ."

ವೀರೇಶ ಇಂಥ ಮಾತನ್ನು ಗಾಳಿಗೆ ಬಿಡುವವನಲ್ಲ. ಊರಿಗೊಬ್ಬರನ್ನು ಹಿಡಿದ. ಕೈಗೊಂದು ಡ್ರಾಯಿಂಗ್ ಶೀಟ್ ಕೊಟ್ಟ. "ನಿಮ್ಮೂರಿನ ದಾರಿ ನೀವು ಬರೀರಿ. ಎಲ್ಲಾ ಕೂಡಿಸಿ ಗ್ವಾಡಿಗೆ ಹಚ್ಚೂಣು" ಅಂದ. ಸಂಬಳವಿಲ್ಲ, ಸನ್ಮಾನವಿಲ್ಲ, ಬಂದವರಿಗೆ ಅರ್ಧ ಕಪ್ ಚಹಾ. ಆದರೂ ಬರೆದು ತಂದರು ನೋಡಿ! ಹೊಲದ ಕೆಲಸ ಮುಗಿಸಿ ಬರೆದರು, ಪಾಳಿ ಮುಗಿಸಿ ಬರೆದರು. ಹೆಂಡತಿಯ ಕೈಲಿ ಬಯ್ಯಿಸಿಕೊಂಡು ಬರೆದರು.

ಬಂದ ಹಾಳೆಗಳನ್ನು ಯಾರಾದರೂ ನೋಡಿ, ಇಲ್ಲಿ ತಪ್ಪಿದೆ, ಇಲ್ಲಿ ಬಿಟ್ಟುಹೋಗಿದೆ ಎಂದು ಹೇಳಬೇಕಲ್ಲ? ಆ ಕೆಲಸ ನನಗೆ ಬಂತು.

"ನೀ ನಾಕೂರು ತಿರುಗಿದಾವ. ಬಾಯಿನೂ ಐತಿ. ನೋಡಿ ಹೇಳು" ಅಂದ ವೀರೇಶ. ಕೆಂಪು ರಿಫಿಲ್ಲಿನ ಪೆನ್ನೊಂದನ್ನೂ ಕೊಟ್ಟ. ಕೆಂಪು ಪೆನ್ನು ಕೈಗೆ ಬಂದ ಕೂಡಲೇ ಮನುಷ್ಯನ ಕುತ್ತಿಗೆ ಯಾಕೆ ಅಷ್ಟು ಉದ್ದವಾಗುತ್ತದೆ? ಶಾಲೆಯಲ್ಲಿ ಕಂಪಾಸ್ ಪೆಟ್ಟಿಗೆಯನ್ನು ಶೇಂಗಾ ತುಂಬಲು ಬಳಸಿದವನು ನಾನು. ಈಗ ಕಂಡವರ ನಕ್ಷೆಗೆ ಪರೀಕ್ಷಕ!

ನನಗೊಂದು ರೋಗವಿದೆ. ಮಿಮಿಕ್ರಿ. ಮದುವೆ ಮನೆಯಿರಲಿ, ಮಣ್ಣಿಗೆ ಹೋದಲ್ಲಿರಲಿ, ಯಾರದಾದರೂ ದನಿ ತೆಗೆಯದಿದ್ದರೆ ನನಗೆ ಕೂತ ಜಾಗದಲ್ಲಿ ಮುಳ್ಳು. ತಪ್ಪನ್ನು ತಪ್ಪು ಎಂದು ನೆಟ್ಟಗೆ ಹೇಳಿದರೆ ಏನು ಮಜಾ? ಆಡಿ ತೋರಿಸತೊಡಗಿದೆ.

ಮುಕ್ಕುಂದದ ಅಮರೇಗೌಡ ತನ್ನ ಭತ್ತದ ಗದ್ದೆಯನ್ನು ಹೊಳೆಗಿಂತ ದೊಡ್ಡದಾಗಿ ಬರೆದಿದ್ದ. ನಾನು ಎದ್ದು ನಿಂತು, ಅವನ ಹಾಗೇ ಎದೆ ಉಬ್ಬಿಸಿ, "ಏ ಹೊಳಿ, ಸ್ವಲ್ಪ ಸರಕೋ, ಗೌಡ್ರ ಗದ್ದಿ ಬರಾಕತ್ತೈತಿ" ಅಂದೆ. ಅಮರೇಗೌಡ ತೊಡೆ ತಟ್ಟಿ ನಕ್ಕ. ಹಾಳೆ ಹೊರಳಿಸಿ ಅಲ್ಲೇ ಬೇರೆ ಬರೆದ. ಹೋಗುವಾಗ ಚಹಾ ಕುಡಿಸಿದ. ಒಬ್ಬನಿಗೆ ನಡೆದದ್ದು ಎಲ್ಲರಿಗೂ ನಡೆಯುತ್ತದೆ ಎಂದು ನಾನು ನಂಬಿದ್ದು ಅಲ್ಲಿ.

ಆಮೇಲೆ ರೇಣುಕಾ ಬಂದಳು.

ಗುರುಗುಂಟಾದ ಆಚೆ ಒಂದು ದೊಡ್ಡಿ, ಬೆರಳೆಣಿಕೆಯ ಮನೆಗಳು. ಅಲ್ಲಿಂದ ಲಿಂಗಸುಗೂರಿಗೆ ಹೊಲಿಗೆ ಕ್ಲಾಸಿಗೆ ಹೋಗುವ ಹುಡುಗಿ. ಬಸ್ಸಿಗಾಗಿ ಗುರುಗುಂಟಾದವರೆಗೆ ನಡೆಯಬೇಕು, ಸಂಜೆ ಇಳಿದು ಮತ್ತೆ ನಡೆಯಬೇಕು. ಹೊತ್ತು ಮುಳುಗಿದ ಮೇಲೆ ಒಬ್ಬಳೇ ಬರುವುದು ಅಪ್ಪನಿಗೆ ಹಿಡಿಸಲಿಲ್ಲ. ಮಳೆ ಹಿಡಿಯುವುದರೊಳಗೆ ಊರಿಗೆ ಬಸ್ ಬಂದರೆ ಕ್ಲಾಸು, ಇಲ್ಲದಿದ್ದರೆ ಮನೆ ಎಂದು ಹೇಳಿಬಿಟ್ಟಿದ್ದ. ಇದೆಲ್ಲ ಅವಳೇ ವೀರೇಶನಿಗೆ ಹೇಳಿದ್ದಳು. ನನಗೂ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ, ಅದಕ್ಕೇ ಹೇಳುತ್ತಿದ್ದೇನೆ.

ಅವಳ ಹಾಳೆ ಚೆಂದವಿತ್ತು. ದಾರಿಯನ್ನು ಬಟ್ಟೆಗೆ ಟಾಕಿ ಹಾಕಿದ ಹಾಗೆ ಸಣ್ಣ ಸಣ್ಣ ಗೆರೆಯಲ್ಲಿ ಬರೆದಿದ್ದಳು. ಹೊಲದ ಬದು, ಬೇಲಿಯ ಕಂಡಿ, ಒಂದು ಬಂಡೆ, ಹಳ್ಳದ ಕಲ್ಲುಗಳು, ಆಮೇಲೆ ಗುರುಗುಂಟಾ. ಅದು ಅವಳು ದಿನಾ ನಡೆಯುವ ಕಾಲುದಾರಿ. ಬಸ್ಸು ಬರುವಂಥ ಬಂಡಿ ದಾರಿ ಹಾಳೆಯ ಮೇಲೆ ಇರಲೇ ಇಲ್ಲ.

ತಪ್ಪು ಖರೇನೇ. "ಈ ಊರಿಗೆ ಬಂಡಿ ಹೆಂಗ ಬರ್ತಾವಮ್ಮ?" ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ನಾನು ಕೇಳಿದೆನೇ? ಕೋಣೆ ತುಂಬ ಮಂದಿ ಇದ್ದರು. ಕಾಲು ತುರಿಸತೊಡಗಿತ್ತು. ಎದ್ದೆ. ಡ್ರೈವರ್ ಆದೆ, ಗೇರು ಹಾಕಿದೆ, ಕಂಡಕ್ಟರ್ ಆಗಿ ಸೀಟಿ ಊದಿದೆ.

"ಮುಂದ ಬೇಲಿ ಕಂಡಿ ಬಂತು! ಎಲ್ಲಾರೂ ಹೊಟ್ಟಿ ಒಳಗ ಎಳಕೋರಿ! ಏ ಹೋತಾ, ಬಸ್ಸಿಗೆ ಸೈಡ್ ಕೊಡಲೇ! ಅಯ್ಯ ಯವ್ವಾ, ಕಿಡಕಿಗೆ ಜಾಲಿಮುಳ್ಳು! ಹೋಲ್ಡಾನ್, ಹೋಲ್ಡಾನ್!"

ಕೋಣೆ ಬಿದ್ದೂ ಬಿದ್ದೂ ನಕ್ಕಿತು. ಅಮರೇಗೌಡನಿಗೆ ಕೆಮ್ಮು ಬಂತು. ರೇಣುಕಾ ನಗಲಿಲ್ಲ. ಅಳಲೂ ಇಲ್ಲ. ಹಾಳೆಯನ್ನು ಸೀರೆ ಮಡಿಸುವ ಹಾಗೆ ಮಡಿಸಿ, ಚೀಲದಲ್ಲಿಟ್ಟು, ಚಹಾ ಮುಟ್ಟದೆ ಹೋದಳು.

"ಹಾಳಿ ತಗೊಂಡ ಹೋಗ್ಯಾಳಲೇ" ಅಂದ ವೀರೇಶ. "ನೋಡಲ್ಲಿ, ಗ್ವಾಡಿಗೆ ತೂತು ಬಿದ್ದಂಗ ಕಾಣಾಕತ್ತೈತಿ. ನೀನ ಹೋಗಿ ಕರಕೊಂಡ ಬಾ."

ಹೋಗಬೇಕಿತ್ತು. ನಾಳೆ ಎಂದೆ. ನಾಡಿದ್ದು ಎಂದೆ. ಸೈಕಲ್ ಪಂಕ್ಚರ್ ಎಂದೆ. ಒಂದು ಊಟಕ್ಕೆ ಉಪ್ಪು ಕಡಿಮೆ ಎಂದು ಹೇಳುವಾಗ ನಮಗೆ ಎಷ್ಟು ಧೈರ್ಯ! ಬಡಿಸಿದವರ ಮುಖ ಬಾಡಿದಾಗ ಎದ್ದು ಹೋಗಿ ಒಂದು ಮಾತಾಡಲು ಯಾಕೆ ಕಾಲೇ ಏಳುವುದಿಲ್ಲ? ಪುಕ್ಕಟೆ ಕೆಲಸ ಮಾಡುವವರ ಜೊತೆ ನಾವು ಹೆಚ್ಚು ಸಲಿಗೆ ತೆಗೆದುಕೊಳ್ಳುತ್ತೇವೆ. ಸಂಬಳ ತಗೊಂಡು ತಪ್ಪು ಮಾಡುವ ಗುಮಾಸ್ತನ ಎದುರು ನಾನು ಎಂದಾದರೂ ಅವನದೇ ದನಿ ತೆಗೆದಿದ್ದೇನೆಯೇ? ಕೈಕಟ್ಟಿ "ಸಾಹೇಬ್ರ, ಇಲ್ಲಿ ಸ್ವಲ್ಪ ನೋಡ್ರಿ" ಎಂದು ಬೆಣ್ಣೆ ಹಚ್ಚುತ್ತೇನೆ.

ಅತ್ತ ಜೀಪಿನ ದಿನ ಹತ್ತಿರ ಬಂತು. ಗೋಡೆಯ ತೂತು ನನ್ನನ್ನೇ ನೋಡುತ್ತಿತ್ತು. ಚಹಾದಂಗಡಿಯಲ್ಲಿ ಒಬ್ಬ ಸಿಕ್ಕ. ಆ ದೊಡ್ಡಿಗೆ ಒಮ್ಮೆ ಮದುವೆಗೆ ಹೋಗಿದ್ದನಂತೆ, ಟ್ರ್ಯಾಕ್ಟರಿನಲ್ಲಿ. "ಸೀದಾ ಐತಿ ಬಿಡು ದಾರಿ" ಅಂದ. (ಟ್ರ್ಯಾಲಿಯಲ್ಲಿ ಮಲಗಿಕೊಂಡು ಹೋಗಿದ್ದನೆಂದು ಆಮೇಲೆ ತಿಳಿಯಿತು. ಮಲಗಿದವನಿಗೆ ಯಾವ ದಾರಿ ಸೀದಾ ಇರುವುದಿಲ್ಲ?) ಸ್ಕೇಲ್ ಇಟ್ಟು ಸೀದಾ ಗೆರೆ ಎಳೆದೆ. ಬಾಣ ಹಾಕಿದೆ. ಊರಿನ ಹೆಸರನ್ನು ಬಣ್ಣದಲ್ಲಿ ಬರೆದೆ. ತೂತಿಗೆ ಅಂಟಿಸಿದೆ. ಅದನ್ನು ಪರೀಕ್ಷೆ ಮಾಡಿದವರು ಯಾರು? ನಾನೇ. ಪಾಸು ಮಾಡಿದವನೂ ನಾನೇ.

ಜೀಪಿನಲ್ಲಿ ಡ್ರೈವರ್, ಸಾಹೇಬರು, ದಾರಿ ತೋರಿಸಲು ನಾನು. ಸೀದಾ ಹೋದೆವು. ಸೀದಾ ಹಳ್ಳಕ್ಕೆ ಹೋದೆವು. ಆಚೆ ದಂಡೆಯ ಮೇಲೆ ದೊಡ್ಡಿಯ ಮನೆಗಳು ಕಾಣುತ್ತಿದ್ದವು. ನಡುವೆ ಆಳೆತ್ತರದ ಕೊರಕಲು.

"ನಕ್ಷಾದಾಗ ಇಲ್ಲಿ ಏನೈತಿ?" ಅಂದರು ಸಾಹೇಬರು.

"ರಸ್ತಾ ಐತ್ರಿ."

"ಕಣ್ಣ ಮುಂದ ಏನೈತಿ?"

"ಹಳ್ಳ ಐತ್ರಿ."

"ಯಾವುದರ ಮ್ಯಾಲ ಬಸ್ ಬಿಡ್ಲಿ?"

ಸಾಹೇಬರು ಫ್ಲಾಸ್ಕ್ ತೆಗೆದರು. "ಚಾ ಕುಡಿಯೂತನ ಇರ್ತೀನಿ. ರಸ್ತಾ ಇದ್ರ ತೋರಸು, ಇಲ್ಲಾಂದ್ರ ಈ ಊರ ಹೆಸರು ಹೊಡದು ಹಾಕ್ತೀನಿ."

ಚಪ್ಪಲಿ ಕೈಯಲ್ಲಿ ಹಿಡಿದು ಹಳ್ಳ ಇಳಿದೆ. ಒಂದು ಅಂಗಳದಲ್ಲಿ ಹೆಣ್ಣುಮಗಳೊಬ್ಬಳು ಜೋಳ ಹಸನು ಮಾಡುತ್ತಿದ್ದಳು. ಹಿಂದೆ ಬಾಗಿಲಲ್ಲಿ ರೇಣುಕಾ.

"ಯಾರಪಾ ನೀ?" ಅಂದಳು ತಾಯಿ.

"ಅವ್ವಾ, ನಾ ಹೇಳಿದ್ನಲ್ಲಾ, ಬಸ್ಸಿನ ದನಿ ತಗಿಯೋ ಅಣ್ಣಾರು" ಅಂದಳು ರೇಣುಕಾ.

"ಹೌದಾ? ಎಲ್ಲಿ, ತಗಿಯಪಾ ನೋಡೂಣು!"

ತಾಯಿಗೆ ನಿಜವಾಗಿಯೂ ಕೇಳುವ ಆಸೆ. ಮರದಿಂದಲೂ ಹಾರ್ನ್ ಹೊಡೆಸುವ ನನಗೆ ಗಂಟಲಿನಿಂದ ಒಂದು ಗುರ್ ಕೂಡ ಬರಲಿಲ್ಲ. ಆಚೆ ದಂಡೆಯಿಂದ ಜೀಪೇ ಹಾರ್ನ್ ಹೊಡೆಯಿತು. ಆ ಸದ್ದಿಗೆ ಬೆಚ್ಚಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ: ತಪ್ಪಾಯಿತು, ಜೀಪು ನಿಂತಿದೆ, ಚಹಾ ಮುಗಿಯುತ್ತಿದೆ, ದಾರಿ ಎಲ್ಲಿದೆ?

ರೇಣುಕಾ ಚಪ್ಪಲಿ ಮೆಟ್ಟಿ, ನನಗಿಂತ ಮುಂದೆ ಹಳ್ಳ ಇಳಿದಳು.

ಅವಳು ಹಿಂದಿನ ಸೀಟಿನಿಂದ ಬಲಕ್ಕ, ಎಡಕ್ಕ ಎನ್ನುತ್ತ ಹೋದಳು. ಜೀಪು ಹಿಂದಕ್ಕೆ ಹೊರಳಿ, ಕೆರೆಯ ಏರಿ ಸುತ್ತಿ, ಬಂಡಿ ದಾರಿ ಹಿಡಿದು, ಊರ ಮುಂದಿನ ಬೇವಿನ ಮರದ ಕೆಳಗೆ ನಿಂತಿತು. ಸಾಹೇಬರು ಇಳಿದು ಅಗಲ ನೋಡಿದರು. "ಇಲ್ಲಿ ಬಸ್ ಹೊಳ್ಳತೈತಿ. ಏರಿ ಹಂತ್ಯಾಕ ಕಲ್ಲು ತಗಸ್ರಿ. ಸಂಜಿ ಟ್ರಿಪ್ ಒಂದು ಬಿಟ್ಟು ನೋಡೂಣು" ಅಂದರು. ಆಮೇಲೆ ಅವಳ ಕಡೆ ತಿರುಗಿದರು: "ಈ ರಸ್ತಾ ಮೊದಲ ಯಾಕ ಬರೀಲಿಲ್ಲಮ್ಮ?"

"ನಾವು ನಡಿಯೋದು ಇನ್ನೊಂದು ದಾರಿರೀ. ನಡಿಯೋರಿಗೆ ಇದು ಸುತ್ತು, ನೆನಪಾಗಲಿಲ್ಲ. ಕೇಳಿದ್ರ ಬರೀತಿದ್ದೆ."

ಊರ ಮಂದಿ ಆಗಲೇ ಕಲ್ಲು ತೆಗೆಯುವ ಮಾತಿಗೆ ಬಿದ್ದಿದ್ದರು. ಅವರ ನಡುವೆ ಅವಳ ಅಪ್ಪನೂ ಇದ್ದ. ನನಗೆ ಎದೆಯ ಭಾರ ಇಳಿಯಿತು. ಭಾರ ಇಳಿದರೆ ನನ್ನ ಬಾಯಿ ಸುಮ್ಮನಿರುತ್ತದೆಯೇ?

"ನೋಡು ತಂಗಿ, ನಿನ್ನ ನಕ್ಷಾನೂ ತಪ್ಪಿತ್ತು, ನನ್ನದೂ ತಪ್ಪಿತ್ತು. ಸಮಾಸಮ ಆತಲ್ಲ?" ಅಂದೆ.

ರೇಣುಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಸಮ ಹೆಂಗ ಆಕೈತ್ರಿ ಅಣ್ಣಾರ? ನಿಮ್ಮ ತಪ್ಪಿಗೆ ಇನ್ನಾ ಯಾರೂ ನಕ್ಕಿಲ್ಲ."